ಜೋಳದ ಚೀಲದ ಹಿಂದೆ ನಾಲ್ಕು ಮರಿ

ಓದುವ ಅಕ್ಕ, ಅಣ್ಣ, ಹಿರಿಯರು ಎಲ್ಲರಿಗೂ ಶರಣು. ನಾನು ಬರೆಯುವ ಮನುಷ್ಯನಲ್ಲ. ಮೂವತ್ತನಾಲ್ಕನೆಯ ವಯಸ್ಸಿಗೆ ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿ, ಎರಡನೆಯ ಸಲಕ್ಕೆ ಪಾಸಾದವನು. ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಾ ಇದನ್ನು ಮುಗಿಸಲು ನಾಲ್ಕು ದಿನ ಹಿಡಿದಿದೆ. ಒತ್ತಕ್ಷರ ತಪ್ಪಿರಬಹುದು, ಹಿಂದಿನದು ಮುಂದೆ ಆಗಿರಬಹುದು. ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಸಿಂದಗಿಯವನು. ಊರಿಗೆ ನೀರು ಬಿಡುವ ಕೆಲಸ. ಓಣಿ ಓಣಿಗೆ ಹೋಗಿ ವಾಲ್ವ್ ತಿರುಗಿಸುತ್ತೇನೆ, ಬೈಗುಳ ತಿನ್ನುತ್ತೇನೆ, ಮನೆಗೆ ಬರುತ್ತೇನೆ. ಮನೆಯಲ್ಲಿ ಅವ್ವ, ಹೆಂಡತಿ, ನಾನು, ಮೂವರೇ. ನಮ್ಮದು ಹಳೆಯ ಮಣ್ಣಿನ ಮಾಳಿಗೆಯ ಮನೆ. ಪಡಸಾಲೆ, ಅಡುಗೆಮನೆ, ಹಿಂದೆ ಕಾಳು ಇಡುವ ಒಂದು ಖೋಲಿ. ಆ ಖೋಲಿಗೆ ಕಿಟಕಿ ಇಲ್ಲ. ಮಾಳಿಗೆಯಲ್ಲಿ, ಅಂದರೆ ಮಣ್ಣಿನ ಚಾವಣಿಯಲ್ಲಿ, ಒಂದು ಬೆಳಕಿಂಡಿ ಮಾತ್ರ ಇದೆ.

ಹೋದ ವರ್ಷ ಬಿಸಿಲು ಏರುವ ಹೊತ್ತಿಗೆ ಒಂದು ಬೂದಿ ಬಣ್ಣದ ಬೆಕ್ಕು ಬರತೊಡಗಿತು. ಯಾರ ಮನೆಯದೂ ಅಲ್ಲ. ಒಂದು ಕಿವಿ ಹರಿದಿತ್ತು, ಹೊಟ್ಟೆ ನೆಲಕ್ಕೆ ಜೋಲುತ್ತಿತ್ತು. ನನಗೆ ಮೊದಲಿನಿಂದ ಬೆಕ್ಕೆಂದರೆ ಹೆದರಿಕೆ. ಹೆಂಡತಿಗೆ ಹಾಗಿಲ್ಲ. ರೊಟ್ಟಿ ಚೂರು ಮಾಡಿ ಹಾಲಿನಲ್ಲಿ ನೆನೆಸಿ ಇಟ್ಟಳು. ಒಂದು ಮಧ್ಯಾಹ್ನ ಅದು ಪಡಸಾಲೆಯ ಹಗ್ಗದ ಹೊರಸಿನ ಕೆಳಗಿದ್ದ ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಅವಳ ಹಳೆಯ ಸೀರೆಯ ಮೇಲೆ ಮರಿ ಹಾಕಿತು.

ಅವ್ವ ಅಂದೇ ಪೆಟ್ಟಿಗೆಯ ಮುಂದೆ ಕೌದಿಯನ್ನು ಪರದೆಯ ಹಾಗೆ ಇಳಿಬಿಟ್ಟಳು.

"ಕಣ್ಣ ಬಿಡೂತನಕ ಯಾರೂ ಇಣಕಬ್ಯಾಡ್ರಿ. ನಾವು ನೋಡಿದ್ರ ಅದಕ್ಕ ಜೀವದ ಹೆದರಿಕಿ ಬರ್ತೈತಿ. ಮರಿ ಕಚ್ಗೊಂಡು ಹೊಂಟ ಹೋಗ್ತೈತಿ" ಎಂದಳು.

ನಾನು ಐದು ದಿನ ತಡೆದೆ. ಆರನೆಯ ದಿನ ಅವ್ವ ಹಿತ್ತಲಿಗೆ ಹೋದಾಗ ಕೌದಿ ಸರಿಸಿ ಫೋನಿನ ಬ್ಯಾಟರಿ ಹಚ್ಚಿ ನೋಡಿಬಿಟ್ಟೆ. ನಾಲ್ಕು ಮರಿ. ಎರಡು ಬೂದಿ, ಒಂದು ಕರಿ, ಒಂದು ಬಿಳಿ. ಇಲಿಯಷ್ಟೇ ಇದ್ದವು. ತಾಯಿ ತಲೆ ಎತ್ತಿ ನನ್ನನ್ನು ನೋಡಿತು. ಕೂಗಲಿಲ್ಲ, ಬುಸ್ಸೆನ್ನಲಿಲ್ಲ, ಸುಮ್ಮನೆ ನೋಡಿತು. ನಾನು ಕೌದಿ ಬಿಟ್ಟು ಹೊರಗೆ ಬಂದೆ.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಖಾಲಿ.

"ನೋಡಿದಿ, ಹೌದಿಲ್ಲೋ?" ಎಂದಳು ಅವ್ವ.

"ಇಲ್ಲಬೇ ಯವ್ವಾ."

"ನಿನ್ನ ಮಾರಿ ಮ್ಯಾಲ ಬರದೈತಿ. ಹತ್ತನೇತ್ತ ಪಾಸಾದಾವ್ರು ಮಂದಿ ಬಾಣಂತನಾನೂ ನೋಡಬೇಕಂತ ಯಾರ ಹೇಳ್ಯಾರೋ ನಿನಗ?"

ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ಹುಡುಕಿ ತರುತ್ತೇನೆ ಎಂದೆ. ಅವ್ವ ಕೈ ಅಡ್ಡ ಮಾಡಿದಳು.

"ಬ್ಯಾಡ. ಬೆಕ್ಕು ತನ್ನ ಮರೀನ ಏಳ ಮನಿ ತಿರಗಸ್ತೈತಿ. ನಮ್ಮದು ಒಂದನೇದು ಮುಗೀತು. ಈಗ ಬಾಜೂದಾವ್ರ ಮನ್ಯಾಗ ಇಟ್ಟಿರ್ತೈತಿ. ಹುಡಕಾಕ ಹೋದ್ರ ಅಲ್ಲಿಂದನೂ ಎಬ್ಬಸ್ತೀ."

ನಮ್ಮ ಕಡೆ ಎಲ್ಲರೂ ನಂಬುವ ಮಾತು ಇದು. ತಾಯಿ ಬೆಕ್ಕು ದಿನಕ್ಕೆ ಎರಡು ಸಲ ಬಂದು ಹಾಲು ಕುಡಿದು ಮಾಳಿಗೆ ಹತ್ತಿ ಹೋಗುತ್ತಿತ್ತು. ಎಲ್ಲಿಗೆ ಎಂದು ನಾವು ನೋಡಲಿಲ್ಲ. ಅದು ಹೋಗುವ ದಾರಿಯ ಕಡೆ ಮುಖ ಕೂಡ ತಿರುಗಿಸಲಿಲ್ಲ. ಒಮ್ಮೆ ತಪ್ಪು ಮಾಡಿದ್ದೆನಲ್ಲ, ಎರಡನೆಯ ಸಲ ಮಾಡಬಾರದೆಂದು ಪಣ ತೊಟ್ಟಿದ್ದೆ.

ಇದಕ್ಕೆ ಒಂದು ವಾರ ಮೊದಲು ಹೆಂಡತಿಯ ತವರೂರು ಹೊರ್ತಿಯಿಂದ ಅವಳ ಅಣ್ಣ ವರ್ಷದ ಜೋಳ ತಂದು ಇಳಿಸಿ ಹೋಗಿದ್ದರು. ಆರು ಚೀಲ. ಅವನ್ನು ಖೋಲಿಯಲ್ಲಿ ಒಟ್ಟಿಕೊಟ್ಟವರು ಪಕ್ಕದ ಮನೆಯ ಕಾಕಾ. ಮೂವತ್ತು ವರ್ಷ ಅಡತಿ ಅಂಗಡಿಗಳಲ್ಲಿ ಚೀಲ ಹೊತ್ತು ಹಮಾಲಿ ಮಾಡಿದ ಮನುಷ್ಯ, ಈಗ ಬೆನ್ನು ಬಾಗಿದೆ. ಚೀಲಗಳನ್ನು ಹಿಂದಿನ ಗೋಡೆಗೆ ತಾಗಿಸಿ ಇಡಲು ಅವರು ಬಿಡಲಿಲ್ಲ.

"ಗ್ವಾಡಿ ಥಂಡಿ ಬಿಡ್ತೈತಿ ತಮ್ಮಾ, ಕಾಳು ಮುಗ್ಗಾಗ್ತಾವು. ನಡುವ ಒಂದ್ ಗೇಣ ಜಾಗಾ ಬಿಡು" ಎಂದಿದ್ದರು. ಹಾಗೇ ಬಿಟ್ಟೆವು.

ಮರಿಗಳು ಕಾಣೆಯಾದ ಮೂರನೆಯ ದಿನ ಬೆಳಿಗ್ಗೆ ನನಗೆ ಎರಡು ತಾಸು ಬಿಡುವಿತ್ತು. ಜೋಳಕ್ಕೆ ನುಸಿ ಹತ್ತುವ ಮೊದಲು ಗುಳಿಗೆ ಇಡೋಣ ಎಂದುಕೊಂಡೆ. ನಮ್ಮ ಕಡೆ ಈ ದಿನಗಳಲ್ಲಿ ಎಲ್ಲ ಮನೆಯಲ್ಲೂ ಇಡುತ್ತಾರೆ. ಅದರಿಂದ ಬರುವ ವಿಷದ ಗಾಳಿಗೆ ಹುಳ ಸಾಯುತ್ತವೆ. ಹೆಂಡತಿಯನ್ನೂ ಅವ್ವನನ್ನೂ ಹೊರಗೆ ಕಳಿಸಿ, ಮುಂದಿನ ಕಡೆಯಿಂದಲೇ ಗುಳಿಗೆ ಇಟ್ಟೆ. ಮೇಲೆ ದಪ್ಪ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದಿಸಿದೆ. ಹಿಂದಿನ ಒಂದು ಗೇಣು ಜಾಗಕ್ಕೆ ನಾನು ಬಗ್ಗಿ ನೋಡಲಿಲ್ಲ. ಅಲ್ಲಿ ಏನಿರುತ್ತದೆ ನೋಡಲು?

ಆಮೇಲೆ ಮಾಳಿಗೆ ಹತ್ತಿ ಬೆಳಕಿಂಡಿಯ ಮೇಲೆ ಚಪ್ಪಟೆ ಪರ್ಸಿಕಲ್ಲು ಎಳೆದು, ಸುತ್ತಲೂ ಹಸಿ ಮಣ್ಣು ಮೆತ್ತಿದೆ. ಬಾಗಿಲ ಸಂದಿಗೆ ಒದ್ದೆ ಕಾಗದ ತುರುಕಿದೆ. ಕೆಲಸ ಪಕ್ಕಾ ಆಯಿತೆಂದು ನನಗೇ ಹೆಮ್ಮೆ. ಕೈ ತೊಳೆದು ನೀರು ಬಿಡಲು ಹೋದೆ.

ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ರೀ, ಬೆಕ್ಕಿಗೆ ಏನೋ ಆಗೈತಿ ನೋಡ್ರಿ. ನೀವು ಹೋದಾಗಿಂದ ಒದರಾಕತ್ತೈತಿ. ಹಾಲ ಮುಟ್ಟವಲ್ದು."

ಅದು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿತ್ತು. ಮಾಳಿಗೆಗೆ ಓಡಿ ಹೋಗಿ ಬರುತ್ತಿತ್ತು. ಕೂಗು ದಿನದ ಕೂಗಲ್ಲ, ಗಂಟಲು ಒಡೆದ ಹಾಗಿತ್ತು. ಅವ್ವ, "ಯಾವುದರೆ ಗಂಡಬೆಕ್ಕು ಮರಿ ತಿಂದೈತೇನೋ" ಎಂದಳು. ಹೆಂಡತಿ ಕೂತು ಬೆಕ್ಕಿನ ಹೊಟ್ಟೆಯ ಕೆಳಗೆ ನೋಡಿದಳು.

"ಅತ್ತಿ, ಮೊಲಿ ಕಲ್ಲಾಗ್ಯಾವ. ಮುಂಜಾನಿಂದ ಮರಿಗೆ ಕುಡಿಸಿಲ್ಲಿದು."

ಬೆಕ್ಕು ಅವಳ ಕೈಯಿಂದ ಜಾರಿ ನೇರವಾಗಿ ಖೋಲಿಯ ಬಾಗಿಲಿಗೆ ಹೋಯಿತು. ಮುಂಗಾಲಿನಿಂದ ಕೆರೆಯಿತು. ಆಗ ನೋಡಿದೆ. ಬಾಗಿಲ ಕೆಳಗೆ ನಾನು ತುರುಕಿದ್ದ ಕಾಗದ ಅರ್ಧ ಹರಿದು ಹೊರಗೆ ಬಿದ್ದಿತ್ತು. ಬಾಗಿಲ ಮೇಲೆ ಉಗುರಿನ ಗೆರೆಗಳಿದ್ದವು.

ಪಕ್ಕದ ಮನೆಗೆ ಹೋಗಿರಲಿಲ್ಲ ಅದು. ಮಾಳಿಗೆ ಹತ್ತಿ, ಬೆಳಕಿಂಡಿಯಿಂದ ನಮ್ಮದೇ ಖೋಲಿಗೆ ಇಳಿಯುತ್ತಿತ್ತು. ಬೆಳಿಗ್ಗೆ ಅದು ಹೊರಗೆ ಹೋದ ಹೊತ್ತಿನಲ್ಲಿ ನಾನು ಮೇಲೆ ಕಲ್ಲು ಎಳೆದಿದ್ದೆ.

ನನ್ನ ಕೈ ಚಿಲಕಕ್ಕೆ ಹೋಯಿತು, ಅಲ್ಲೇ ನಿಂತಿತು. ಗುಳಿಗೆಯ ಜೊತೆ ಒಂದು ಮಡಚಿದ ಚೀಟಿ ಕೊಟ್ಟಿದ್ದರು. ಬೆಳಿಗ್ಗೆ ಅದನ್ನು ಗೋಡೆಯ ಗೂಡಿನಲ್ಲಿ ಎಸೆದಿದ್ದೆ. ಈಗ ಬಿಚ್ಚಿದೆ. ಸಾಸಿವೆಗಿಂತ ಸಣ್ಣ ಅಕ್ಷರ. ನಾನು ಕೂಡಿಸಿ ಕೂಡಿಸಿ ಓದುವವನು. ಒಂದೊಂದು ಶಬ್ದ ಮುಗಿಯುವಷ್ಟರಲ್ಲಿ ಬೆಕ್ಕು ನಾಲ್ಕು ಸಲ ಕೂಗುತ್ತಿತ್ತು. ಒಳಗೆ ಮನುಷ್ಯರಾಗಲಿ ಪ್ರಾಣಿಗಳಾಗಲಿ ಇರಬಾರದು ಎಂದಿತ್ತು. ಗಾಳಿಯಾಡಿಸದೆ ಒಳಗೆ ಹೋಗಬಾರದು ಎಂದಿತ್ತು. ಉಸಿರಿನಲ್ಲಿ ಹೋದರೆ ಪ್ರಾಣಕ್ಕೆ ಅಪಾಯ, ಇದಕ್ಕೆ ಮದ್ದಿಲ್ಲ ಎಂದಿತ್ತು. ಮದ್ದಿಲ್ಲ ಎಂಬುದನ್ನು ತಪ್ಪು ಓದಿದೆನೇನೋ ಎಂದು ಮತ್ತೊಮ್ಮೆ ಓದಿದೆ. ಸರಿಯಾಗಿಯೇ ಓದಿದ್ದೆ.

"ಕಾಕಾನ್ನ ಕರೀರಿ" ಎಂದಳು ಹೆಂಡತಿ. ಕರೆಯುವ ಮೊದಲೇ ಗದ್ದಲ ಕೇಳಿ ಕಾಕಾ ಬಂದಿದ್ದರು. ವಿಷಯ ತಿಳಿದು ಅವರು ನನ್ನ ಕೈ ಹಿಡಿದು ಹಿಂದಕ್ಕೆ ಎಳೆದರು.

"ಚಿಲಕಕ್ಕ ಕೈ ಹಚ್ಚಿಗಿಚ್ಚೀ! ಗುಳಿಗಿ ಅಂದ್ರ ಗೊತ್ತಿಲ್ಲ ನಿನಗ. ಜ್ವಾಳದ ಚೀಲ ಇಡೂ ವಖಾರದಾಗ ತಾಸೊತ್ತು ನಿಂತು ನಾ ಎರಡ ದಿನಾ ಎದ್ದಿಲ್ಲ. ಮೊದಲ ಮ್ಯಾಲಿಂದು ತಗಿ. ಮಾರಿ ಆಕಡೆ ಮಾಡಿ ತಗಿ."

ನಾನು ಮಾಳಿಗೆ ಹತ್ತಿದೆ. ಬೆಳಿಗ್ಗೆ ಮೆತ್ತಿದ ಮಣ್ಣು ಬಿಸಿಲಿಗೆ ಒಣಗಿ ಇಟ್ಟಂಗಿಯ ಹಾಗೆ ಗಟ್ಟಿಯಾಗಿತ್ತು. ಹಾರೆಯಿಂದ ಎಬ್ಬಿಸಿ ಮುಖ ತಿರುಗಿಸಿ ಕಲ್ಲು ಎಳೆದೆ. ಕೊಳೆತ ಬೆಳ್ಳುಳ್ಳಿಯ ಹಾಗೆ ಒಂದು ವಾಸನೆ ಬಂತು, ಕಡಿಮೆಯೇ. ಕೆಳಗೆ ಬಗ್ಗಿ ಕಿವಿ ಕೊಡಬೇಕೆನಿಸಿತು. "ಬಗ್ಗಬ್ಯಾಡಲೇ ಹುಚ್ಚಾ" ಎಂದು ಅಂಗಳದಿಂದ ಕಾಕಾ ಕೂಗಿದರು.

ಇಳಿದು ಬಂದು, ಉಸಿರು ಹಿಡಿದು ಚಿಲಕ ತೆಗೆದು, ದೂರದಿಂದ ಬಿದಿರಿನ ಗಳದಲ್ಲಿ ಬಾಗಿಲು ನೂಕಿ ಎಲ್ಲರೂ ಅಂಗಳಕ್ಕೆ ಓಡಿದೆವು. ಎಲ್ಲರೂ ಎಂದರೆ ಮನುಷ್ಯರು. ಬೆಕ್ಕು ನಮ್ಮ ಕಾಲುಗಳ ನಡುವಿನಿಂದ ಒಳಗೆ ಹೋಯಿತು.

"ಹಿಡೀರಿ ಅದನ್ನ!" ಎಂದು ಹೆಂಡತಿ ಕಿರುಚಿದಳು. ಹಿಡಿಯಲು ಯಾರು ಹೋಗಬೇಕು?

ಅಂಗಳದಲ್ಲಿ ನಿಂತು ನಾಲ್ವರೂ ಆ ಕತ್ತಲ ಬಾಗಿಲನ್ನೇ ನೋಡಿದೆವು. ಒಳಗೆ ತಾಡಪತ್ರಿ ಸರಪರ ಎಂದಿತು. ಮತ್ತೆ ಏನೂ ಇಲ್ಲ. ಅದೂ ಅಲ್ಲೇ ಬಿತ್ತು ಎಂದುಕೊಂಡೆ. ಅಷ್ಟರಲ್ಲಿ ಅದು ಹೊರಗೆ ಬಂತು. ಬಾಯಲ್ಲಿ ಕರಿ ಮರಿ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇಳಿಸಿ ತಿರುಗಿ ನೋಡದೆ ಮತ್ತೆ ಒಳಗೆ ಓಡಿತು. ಮರಿ ಒದ್ದೆ ಅರಿವೆಯ ಹಾಗೆ ಬಿದ್ದಿತ್ತು. ಹೆಂಡತಿ ಸೆರಗಿನಿಂದ ತಿಕ್ಕಿದಳು. ಅದು ಬಾಯಿ ತೆರೆಯಿತು, ದನಿ ಬರಲಿಲ್ಲ. ಇನ್ನೊಮ್ಮೆ ತೆರೆಯಿತು. ಆಗ ನೂಲಿನಂಥ ಒಂದು ದನಿ ಬಂತು.

"ಅದಾವ, ಅದಾವ! ಜೀವಂತ ಅದಾವ!" ಎಂದು ಅವ್ವ ಕೈ ಮುಗಿದಳು.

ಎರಡನೆಯದು ಬೂದಿ. ಮೂರನೆಯದು ಬಿಳಿ. ಅದನ್ನು ತರುವಾಗ ತಾಯಿಯ ಹಿಂಗಾಲು ಸೋತು ಎರಡು ಸಲ ಹೊಸ್ತಿಲಿಗೆ ತಾಗಿ ಬಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮರಿ ಇಳಿಸಿ ಮತ್ತೆ ತಿರುಗಿತು. ಆಗ ಅವ್ವ ಅಂಗಳದಲ್ಲಿ ಒಣಹಾಕಿದ್ದ ಕೌದಿಯನ್ನು ಅದರ ಮೇಲೆ ಒಗೆದು ಒತ್ತಿ ಹಿಡಿದಳು.

"ಯವ್ವಾ, ಇನ್ನೊಂದೈತಿ ಒಳಗ!" ಎಂದೆ ನಾನು.

"ಗೊತ್ತೈತಿ. ಇದು ಸತ್ರ ಈ ಮೂರಕ್ಕ ಮೊಲಿ ಯಾರ ಕೊಡಬೇಕು? ನೀ ಕೊಡ್ತೀ?"

ಕೌದಿಯೊಳಗೆ ಬೆಕ್ಕು ಹೊರಳಾಡಿ ಅವ್ವನ ಕೈ ಪರಚಿತು. ಅವ್ವ ಬಿಡಲಿಲ್ಲ. ಅದೇ ಹೊತ್ತಿಗೆ ಖೋಲಿಯೊಳಗಿಂದ ನಾಲ್ಕನೆಯದು ಕೂಗಿತು. ನಾವು ಎಲ್ಲರೂ ಕೇಳಿದೆವು. ಸಣ್ಣಗೆ, ಬಿಟ್ಟು ಬಿಟ್ಟು.

ನಾನು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದೆ. ಕಾಕಾ ಹಿಂದಿನಿಂದ ಅಂಗಿ ಹಿಡಿದರು.

"ಎರಡ ತಾಸ ತಡಿ."

"ಎರಡ ತಾಸಿಗೆ ಅದು ಉಳಿತೈತೇನ್ ಕಾಕಾ?"

"ಉಳೀದಿಲ್ಲ. ನೀ ಹೋದ್ರ ನೀನೂ ಉಳೀದಿಲ್ಲ. ನಿನ್ನ ಹೆಣಾ ತಗ್ಯಾಕ ನಾ ಹೋಗಬೇಕು. ಆಮ್ಯಾಲ ನನ್ನ ಹೆಣಾ ಯಾರ ತಗೀತಾರ?"

ನಾನು ನಿಂತೆ. ಅಂಗಿಯನ್ನು ಕಾಕಾ ಆಮೇಲೆ ಬಿಟ್ಟರು, ಆದರೂ ನಾನು ಹೋಗಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ನನಗೆ ಹೆದರಿಕೆಯಾಗಿತ್ತು. ಒಂದು ಬೆರಳುದ್ದದ ಮರಿ ಕರೆಯುತ್ತಿದ್ದರೂ ಕಾಲು ಏಳಲಿಲ್ಲ. ಆ ದನಿ ಯಾವಾಗ ನಿಂತಿತು ಎಂಬುದೂ ಗೊತ್ತಾಗಲಿಲ್ಲ. ನಿಂತಿದೆ ಎಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು.

ಹೊತ್ತು ಇಳಿದ ಮೇಲೆ ಕಾಕಾ ಹೂಂ ಎಂದರು. ಮೂಗು ಬಾಯಿಗೆ ಒದ್ದೆ ಟವೆಲ್ ಕಟ್ಟಿ ಒಳಗೆ ಹೋದೆ. ಹಿಂದಿನ ಗೋಡೆಯ ಸಂದಿಯಲ್ಲಿ ತಾಡಪತ್ರಿಯ ತುದಿ ಮಡಚಿ ಬಿದ್ದಿತ್ತು. ಅದರ ಕೆಳಗೆ ಆ ಬೂದಿ ಮರಿ. ಅಂಗೈಯಲ್ಲಿ ಎತ್ತಿಕೊಂಡಾಗ ಭಾರವೇ ಇರಲಿಲ್ಲ. ಹೊರಗೆ ತಂದು ತಾಯಿಯ ಮುಂದೆ ಇಟ್ಟೆವು. ಅದು ಬಹಳ ಹೊತ್ತು ನೆಕ್ಕಿತು. ಆಮೇಲೆ ಮಿಕ್ಕ ಮೂರರ ಹತ್ತಿರ ಹೋಗಿ ಮಲಗಿತು.

ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆ. ಬೆಕ್ಕು ಕೊಂದವನು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಪಾಪ ಹೋಗುವುದಿಲ್ಲ ಎಂದು ಸಣ್ಣವನಿದ್ದಾಗ ಕೇಳಿದ್ದೆ. ಕೈ ತೊಳೆಯುತ್ತಾ ಅವ್ವನನ್ನು ಅದನ್ನೇ ಕೇಳಿದೆ.

ಅವ್ವ ಪರಚಿದ ಕೈಗೆ ಅರಿಷಿಣ ಒತ್ತುತ್ತಿದ್ದಳು. "ಇದು ಗೊತ್ತಿಲ್ದ ಆತು. ನನ್ನ ಮಾತು ಕೇಳಿ ನೀ ಹುಡಕಲಿಲ್ಲ, ಅರ್ಧಾ ನನಗೂ ಬರ್ಲಿ. ಇನ್ನ ಮುಂದ ಗೊತ್ತಿದ್ದೂ ಒಂದ ಆಗದಂಗ ನೋಡ್ಕೋ" ಎಂದಳು.

ಆ ಮಾತಿನ ಅರ್ಥ ಮರುದಿನ ನನ್ನ ತಲೆಗೆ ಹೊಕ್ಕಿತು. ಬೆಳಿಗ್ಗೆ ಬೆಕ್ಕು ಒಂದೊಂದೇ ಮರಿ ಕಚ್ಚಿಕೊಂಡು ಮಾಳಿಗೆಯ ಮೇಲಿಂದ ಹೊರಟು ಹೋಯಿತು. ಹೆಂಡತಿ ಅಳುತ್ತಾ ನಿಂತಳು. ನನಗೆ ಅಳು ಬರಲಿಲ್ಲ, ಹೆದರಿಕೆ ಬಂತು. ಅದು ಹೋಗುವುದು ಇನ್ನೊಂದು ಮನೆಯ ಕತ್ತಲ ಖೋಲಿಗೆ. ಹೊಸ ಜೋಳ ಬರುವ ಈ ದಿನಗಳಲ್ಲಿ ನಮ್ಮ ಓಣಿಯಲ್ಲಿ ಯಾವ ಖೋಲಿಯಲ್ಲಿ ಚೀಲ ಇಲ್ಲ? ಯಾವ ಮನೆಯಲ್ಲಿ ಗುಳಿಗೆ ಇಡುವುದಿಲ್ಲ? ಅಲ್ಲಿಯೂ ಯಾರೋ ಹಿರಿಯರು, ಬೆಕ್ಕಿನ ಮರಿ ಹುಡುಕಬೇಡಿ ಎಂದು ಹೇಳಿರುತ್ತಾರೆ.

ಅಂದು ನೀರು ಬಿಡಲು ಹೋದಾಗ ಮನೆ ಮನೆಯ ಮುಂದೆ ನಿಂತು ಕೇಳಿದೆ. "ಗುಳಿಗಿ ಇಡಾವ್ರದೀರೇನ್ರಿ? ಇಡೂಮೊದಲ ಚೀಲದ ಹಿಂದ ನೋಡ್ರಿ, ಬೆಕ್ಕಿನ ಮರಿ ಇರ್ತಾವು."

ಓಣಿಯಲ್ಲಿ ನಗೆಯೋ ನಗೆ. "ಜನಗಣತಿ ಮುಗದು ಬೆಕ್ಕಿನ ಗಣತಿ ಚಾಲೂ ಆತೇನ್ರಿ?" ಎಂದು ಒಬ್ಬರು. "ನಮ್ಮ ಮನ್ಯಾಗ ಎರಡ ಇಲಿ ಅದಾವು, ಅವನ್ನೂ ಬರ್ಕೋರಿ" ಎಂದು ಇನ್ನೊಬ್ಬರು. ಎರಡು ದಿನ ಕೇಳಿದೆ. ಬೆಕ್ಕೂ ಎರಡು ದಿನ ನಮ್ಮ ಮನೆಗೆ ಬರಲಿಲ್ಲ. ವಿಷದ ಗಾಳಿ ಒಳಗೆ ಹೋದದ್ದು ನಿಧಾನಕ್ಕೆ ಕೊಂದಿತೋ ಏನೋ ಎಂಬ ಹೆದರಿಕೆಯೂ ಜೊತೆಗಿತ್ತು.

ಒಂದು ಮನೆ ಮಾತ್ರ ಬಿಟ್ಟಿದ್ದೆ. ಓಣಿಯ ಕೊನೆಯ ಮನೆ. ಆ ಮನೆಯ ಅಕ್ಕಾರಿಗೂ ನನಗೂ ನೀರಿನ ಸಲುವಾಗಿ ಜಗಳವಾಗಿ ಮಾತುಕತೆ ನಿಂತಿತ್ತು. ಅವರ ಮನೆ ಏರಿನ ಮೇಲಿದೆ, ನೀರು ಸಣ್ಣಗೆ ಬರುತ್ತದೆ. ನಾನು ಬೇಕೆಂದೇ ಹೀಗೆ ಮಾಡುತ್ತೇನೆ ಎಂದು ಅವರ ಸಿಟ್ಟು. ಮೂರನೆಯ ದಿನ ಮನಸ್ಸು ಗಟ್ಟಿ ಮಾಡಿ ಹೋದೆ.

"ಏನಪಾ, ದಾರಿ ತಪ್ಪಿದೇನು?" ಎಂದರು ಅಕ್ಕಾರು.

ಹೇಳಿದೆ. ಅವರು ಸೊಂಟದ ಮೇಲೆ ಕೈ ಇಟ್ಟರು.

"ನೋಡ್ರೆವಾ ಇವನ್ನ! ಕೊಡ ತುಂಬೂವಷ್ಟು ನೀರ ಬಿಡೋ ಅಂತ ವರ್ಷಾತು ಬಡ್ಕೊಳ್ಳಾಕತ್ತು. ಅದಕ್ಕ ಬರಲಿಲ್ಲ. ಬೆಕ್ಕಿನ ಸುದ್ದಿ ಕೇಳಾಕ ಬಂದಾನ!"

"ಬೈರಿ ಅಕ್ಕಾರ, ಎಷ್ಟರೆ ಬೈರಿ. ಒಂದ ಸಲ ಚೀಲದ ಹಿಂದ ನೋಡ್ರಿ. ನಮ್ಮ ಮನ್ಯಾಗ ಒಂದ ಸತ್ತೈತ್ರಿ. ನಾನ ಕೊಂದೇನಿ."

ಆ ಮಾತು ನನ್ನ ಬಾಯಿಂದ ಮೊದಲ ಸಲ ಹೊರಬಂದಿತ್ತು. ಅವರು ನನ್ನ ಮುಖ ನೋಡಿ ಬೈಯುವುದನ್ನು ನಿಲ್ಲಿಸಿ ಒಳಗೆ ಹೋದರು. ನಾನು ಕಟ್ಟೆಯ ಹತ್ತಿರವೇ ನಿಂತೆ. ಒಳಗೆ ಪಾತ್ರೆ ಸರಿಸಿದ ಸಪ್ಪಳ, ಚೀಲ ಸರಿಸಿದ ಸಪ್ಪಳ. ಆಮೇಲೆ ಏನೂ ಇಲ್ಲ.

"ಯಪ್ಪಾ, ಬಾ ಇಲ್ಲಿ" ಎಂದು ಮೆತ್ತಗೆ ಕರೆದರು.

ಒಳಗೆ ಜೋಳದ ಚೀಲಗಳ ಹಿಂದೆ ಒಡೆದ ಬಿದಿರಿನ ಬುಟ್ಟಿ. ಅದರಲ್ಲಿ ನಮ್ಮ ಬೂದಿ ಬೆಕ್ಕು ಅಡ್ಡಾಗಿ ಮಲಗಿತ್ತು. ಮೂರೂ ಮರಿ ಹೊಟ್ಟೆಗೆ ಅಂಟಿಕೊಂಡು ಮುಂಗಾಲಿನಿಂದ ಒತ್ತಿ ಒತ್ತಿ ಹಾಲು ಕುಡಿಯುತ್ತಿದ್ದವು. ಕರಿ ಮರಿಯ ಒಂದು ಕಣ್ಣು ಬಿರಿದಿತ್ತು.

ಅಕ್ಕಾರು ಗೋಡೆಯ ಗೂಡಿನ ಕಡೆ ಕೈ ತೋರಿಸಿದರು. ಅಲ್ಲಿ ಗುಳಿಗೆಯ ಡಬ್ಬಿ ಇತ್ತು, ಇನ್ನೂ ಒಡೆದಿರಲಿಲ್ಲ.

"ನಾಳಿ ಮುಂಜಾನಿ ಇಡಾಕಿದ್ದೆ" ಎಂದು ಹೇಳಿ ನೆಲದ ಮೇಲೆ ಕೂತುಬಿಟ್ಟರು. ನಾನೂ ಕೂತೆ. ಇಬ್ಬರೂ ಮರಿಗಳು ಕುಡಿಯುವುದನ್ನು ನೋಡಿದೆವು. ಆಮೇಲೆ ಅವರು ಎದ್ದು ಡಬ್ಬಿಯನ್ನು ತೆಗೆದು, ಮನೆಯ ಹೊರಗಿನ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದರು. "ನುಸಿ ತಿಂದಷ್ಟ ತಿನ್ಲಿ. ಇವು ನಡದಾಡೂತನಕ ನಾ ಇದನ್ನ ಮುಟ್ಟೂದಿಲ್ಲ" ಎಂದರು.

ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ ದನಿ ಬಂತು. "ಮತ್ತ ನೀರಿಂದು?"

ನಾಳೆ ಪೈಪು ನೋಡುತ್ತೇನೆ ಎಂದೆ. ನೋಡಿದೆ ಕೂಡ.

ಓದಿದವರಲ್ಲಿ ಒಂದು ವಿನಂತಿ. ಗೊತ್ತಿಲ್ಲದೆ ನಿಮ್ಮ ಕೈಯಿಂದಲೂ ಹೀಗೆ ಏನಾದರೂ ಆಗಿದ್ದರೆ, ಅಥವಾ ಕೂದಲೆಳೆಯಲ್ಲಿ ತಪ್ಪಿದ್ದರೆ, ನಾಚಿಕೊಳ್ಳದೆ ನಾಲ್ಕು ಸಾಲು ಬರೆಯಿರಿ. ತಾಯಿ ಬೆಕ್ಕನ್ನು ಹೆದರಿಸದೆ ಅದರ ಮರಿ ಎಲ್ಲಿವೆ ಎಂದು ತಿಳಿಯುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಅದನ್ನೂ ತಿಳಿಸಿ. ಈ ವರ್ಷದ ಜೋಳ ಇನ್ನು ಸ್ವಲ್ಪ ದಿನದಲ್ಲಿ ಬರುತ್ತದೆ.